ಪ್ಲಾಸ್ಟಿಕ್ ಮಿಗ್-21ಕ್ಕೆ ಅಲ್ಯೂಮಿನಿಯಂ ಮೈ

ಅಕ್ಟೋಬರ್ 4

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21 ಯುದ್ಧವಿಮಾನಗಳನ್ನು ಬೀಳ್ಕೊಟ್ಟಿತು. 1963ರಲ್ಲಿ ಬಂದ ವಿಮಾನ. ದೊಡ್ಡಪ್ಪ ಟಿವಿ ಮುಂದೆ ಕೂತು ಮೊದಲಿಂದ ಕೊನೆಯವರೆಗೆ ನೋಡಿದರು. ಅವರು 1968ರಲ್ಲಿ ವಾಯುಪಡೆ ಸೇರಿದವರು, ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಯನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಮೊದಲು ಕೆಲಸ ಕಲಿತದ್ದು ಮಿಗ್-21ರ ಎಫ್‌ಎಲ್ ಎಂಬ ಮಾದರಿಯ ಮೇಲೆ.

ಅಟ್ಟದಲ್ಲಿ ನಾಲ್ಕು ವರ್ಷದಿಂದ ಬಿಚ್ಚದೇ ಇಟ್ಟಿದ್ದ, ಅದೇ ವಿಮಾನದ 1/72 ಅಳತೆಯ ಕಿಟ್ ಇತ್ತು, ಬಿಡಿಭಾಗ ಅಂಟಿಸಿ ಮಾಡುವ ಪ್ಲಾಸ್ಟಿಕ್ ಮಾದರಿ. ಅವತ್ತು ರಾತ್ರಿಯೇ ಕೆಳಗಿಳಿಸಿದೆ. ನಿಜವಾದ ವಿಮಾನದ ರೆಕ್ಕೆಯ ಅಗಲ 7.15 ಮೀಟರ್. ಇದರದ್ದು ಹೆಚ್ಚುಕಮ್ಮಿ 10 ಸೆಂಟಿಮೀಟರ್, ಅಂಗೈ ಮೇಲೆ ಕೂರುತ್ತದೆ. ದೊಡ್ಡಪ್ಪನಿಗೆ ಇದನ್ನು ಬಣ್ಣವಿಲ್ಲದ ಬರೀ ಲೋಹದ ಮೈಯಲ್ಲಿ ಮಾಡಿ ಕೊಡಬೇಕು. ಎಫ್‌ಎಲ್‌ಗಳು ಬಂದ ಹೊಸದರಲ್ಲಿ ಹಾಗೇ ಬೆಳ್ಳಗೆ ಹೊಳೆಯುತ್ತಿದ್ದವು. ಹಲವಕ್ಕೆ ಮರೆಮಾಚುವ ಬಣ್ಣ ಬಿದ್ದದ್ದು 1971ರ ಯುದ್ಧದ ಹೊತ್ತಿಗೆ.

ಇವತ್ತು ಬಿಡಿಭಾಗಗಳನ್ನೆಲ್ಲ ಪಾತ್ರೆ ತೊಳೆಯುವ ಸೋಪು ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ತೊಳೆದೆ. ಅಚ್ಚಿನಿಂದ ಸುಲಭವಾಗಿ ಬಿಡಲಿ ಎಂದು ಹಚ್ಚಿದ ಜಿಡ್ಡು ಪ್ಲಾಸ್ಟಿಕ್ ಮೇಲೆ ಉಳಿದಿರಬಹುದು. ಅದರ ಮೇಲೆ ಬಣ್ಣ ಹಿಡಿಯೋದಿಲ್ಲ.

ಅಕ್ಟೋಬರ್ 11

ದೇಹದ ಎರಡು ಹೋಳು ಅಂಟಿಸಿದ್ದಾಯಿತು. ಬೆನ್ನಿನ ಮೇಲೆ ಉದ್ದಕ್ಕೂ ಒಂದು ಸಂದು ಉಳಿಯಿತು. ಅದನ್ನು ಫೆವಿಕ್ವಿಕ್‌ನಿಂದ ತುಂಬಿದೆ. ಪುಟ್ಟಿ ಒಣಗುತ್ತಾ ಕುಗ್ಗುತ್ತದೆ, ಇದು ಕುಗ್ಗೋದಿಲ್ಲ. ಆದರೆ ಅವತ್ತೇ ಉಜ್ಜಿಬಿಡಬೇಕು. ಬಿಟ್ಟರೆ ಸುತ್ತಲಿನ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ. ಆಮೇಲೆ ಉಜ್ಜಿದರೆ ಪ್ಲಾಸ್ಟಿಕ್ ಸವೆದು ಅಂಟು ಉಬ್ಬಿಕೊಂಡೇ ಇರುತ್ತದೆ.

400ರ ವಾಟರ್ ಪೇಪರ್ (ಉಜ್ಜುವ ಕಾಗದ, ಸಂಖ್ಯೆ ಹೆಚ್ಚಾದಷ್ಟೂ ನುಣುಪು), ಆಮೇಲೆ 800, ಆಮೇಲೆ 1000. ಸಾಕು ಅಂದುಕೊಂಡೆ. ಅಲ್ಲೇ ತಪ್ಪಿದ್ದು, ಅದು ಮುಂದೆ ಗೊತ್ತಾಯಿತು.

ಅಕ್ಟೋಬರ್ 14

ಇಡೀ ದಿನ ಚಮಚಗಳ ಮೇಲೆ ಪ್ರಯೋಗ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚಕ್ಕೆ 2022ರ ಜುಲೈ 1ರಿಂದ ನಿಷೇಧವಿದೆ. ಡ್ರಾಯರ್‌ನಲ್ಲಿ ಹಳೆಯ ಹುಟ್ಟುಹಬ್ಬದ್ದು ಐದು ಉಳಿದಿದ್ದವು. ಅಂಥ ಬಿಳಿ ಚಮಚಗಳು ಬಹುಪಾಲು ಪಾಲಿಸ್ಟೈರೀನ್. ಕಿಟ್‌ನದ್ದೂ ಅದೇ ಪ್ಲಾಸ್ಟಿಕ್, ಹಾಗಾಗಿ ಪರೀಕ್ಷೆಗೆ ಹೇಳಿಮಾಡಿಸಿದ ಹಾಗಿವೆ.

ಮೊದಲ ಚಮಚಕ್ಕೆ ಹಾರ್ಡ್‌ವೇರ್ ಅಂಗಡಿಯ ಸಿಲ್ವರ್ ಸ್ಪ್ರೇ ನೇರವಾಗಿ ಹೊಡೆದೆ. ಗೇಟಿಗೆ ಬಳಿದ ಬಣ್ಣದ ಹಾಗೆ ತರಿತರಿ. ಎರಡನೆಯದಕ್ಕೆ ಬಣ್ಣವನ್ನು ಎನ್‌ಸಿ ಥಿನ್ನರ್ ಎಂಬ ಖಾರವಾದ ದ್ರಾವಕದಲ್ಲಿ ಕಲಸಿ ದಪ್ಪಗೆ ಹೊಡೆದೆ. ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿಂದು ಮೈಯೆಲ್ಲ ಸಣ್ಣ ಬಿರುಕು. ಮೂರನೆಯದು ಬೂದು ಪ್ರೈಮರ್ ಮೇಲೆ ಏರ್‌ಬ್ರಷ್‌ಗೆಂದೇ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಬರುವ, ಬೇಗ ಆರುವ ಲ್ಯಾಕರ್ ಜಾತಿಯ ಅಲ್ಯೂಮಿನಿಯಂ ಬಣ್ಣ: ಚೆನ್ನಾಗಿದೆ, ಆದರೆ ಮಂಕು. ನಾಲ್ಕನೆಯದು ಹೊಳೆಯುವ ಕಪ್ಪಿನ ಮೇಲೆ ಅದೇ ಅಲ್ಯೂಮಿನಿಯಂ. ಅದನ್ನು ಕಿಟಕಿ ಹತ್ತಿರ ಹಿಡಿದಾಗ ಕಿಟಕಿಯ ಸರಳುಗಳೇ ಅದರಲ್ಲಿ ಕಂಡವು. ಬರೀ ಪ್ಲಾಸ್ಟಿಕ್ ಚಮಚ ಅಲ್ವಾ ಇದು, ಕೈಯಲ್ಲಿ ತಿರುಗಿಸುತ್ತಾ ಎಷ್ಟೋ ಹೊತ್ತು ನಿಂತಿದ್ದೆ. ಐದನೆಯದಕ್ಕೆ ಕಪ್ಪು ಪೂರ್ತಿ ಒಣಗುವ ಮೊದಲೇ ಅಲ್ಯೂಮಿನಿಯಂ ಹೊಡೆದೆ. ಎರಡೂ ಕಲಸಿಕೊಂಡು ಕೆಟ್ಟಿತು.

ಹೀಗೇಕೆ ಅಂದರೆ, ಲೋಹದ ಬಣ್ಣದಲ್ಲಿ ಇರುವುದು ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆಗಳು. ಚಾಪೆ ಮೇಲೆ ಒಣಹಾಕಿದ ಹಪ್ಪಳದ ಹಾಗೆ ಅವು ಚಪ್ಪಟೆಯಾಗಿ ಮಲಗಬೇಕು. ಆಗ ಬೆಳಕು ಒಂದೇ ಕಡೆಗೆ ವಾಪಸ್ ಬರುತ್ತದೆ, ಕಣ್ಣಿಗೆ ಲೋಹ ಅನಿಸುತ್ತದೆ. ಕೆಳಗಿನ ಮೈ ಒರಟಾಗಿದ್ದರೆ ಚಕ್ಕೆಗಳು ಅಡ್ಡಾದಿಡ್ಡಿ ಕೂರುತ್ತವೆ, ಬೆಳಕು ಚದುರುತ್ತದೆ, ಬೂದಿ ಬಣ್ಣ ಕಾಣುತ್ತದೆ. ದಪ್ಪಗೆ ಹೊಡೆದರೂ ಅದೇ ಗತಿ, ಚಕ್ಕೆಗಳು ತೇಲಿ ಮಗುಚಿಕೊಳ್ಳುತ್ತವೆ. ಹೊಳೆಯುವ ಕಪ್ಪು ಅವಕ್ಕೆ ಗಾಜಿನಂಥ ನುಣುಪಾದ ನೆಲ ಕೊಡುತ್ತದೆ. ಚಕ್ಕೆಗಳ ಸಂದಿಯಲ್ಲಿ ಹಾಯ್ದ ಬೆಳಕನ್ನೂ ನುಂಗಿಬಿಡುತ್ತದೆ.

ಅಕ್ಟೋಬರ್ 18

ಹಬ್ಬಕ್ಕೆ ಮುಂಚೆ ಕಪ್ಪು ಕೋಟ್ ಮುಗಿಸುವ ಅವಸರ. ಮೈಸೂರಿನಲ್ಲಿ ಸಂಜೆ ಮಳೆ ಹಿಡಿದಿತ್ತು. ಆದರೂ ಹೊಡೆದೆ. ಹತ್ತು ನಿಮಿಷದಲ್ಲಿ ಕಪ್ಪಿನ ಮೇಲೆ ಹಾಲಿನ ಕೆನೆಯಂಥ ಮಬ್ಬು ಕಟ್ಟಿತು. ಲ್ಯಾಕರ್‌ನ ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ತುಂಬಾ ಬೇಜಾರಾಯಿತು. ಅವಸರ ಮಾಡದಿದ್ದರೆ ಎರಡು ವಾರ ಉಳಿಯುತ್ತಿತ್ತು.

ನವೆಂಬರ್ 2

2000ರ ಪೇಪರ್‌ನಲ್ಲಿ ಮಬ್ಬನ್ನೆಲ್ಲ ಉಜ್ಜಿ, ಬಿಸಿಲು ಚೆನ್ನಾಗಿ ಬಿದ್ದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಕಪ್ಪು ಹೊಡೆದೆ. ಎರಡು ದಿನ ಡಬ್ಬಿ ಮುಚ್ಚಿ ಇಟ್ಟೆ, ಧೂಳು ಬೀಳದ ಹಾಗೆ. ಇವತ್ತು ಅಲ್ಯೂಮಿನಿಯಂ.

ಏರ್‌ಬ್ರಷ್‌ಗೆ 0.3 ಮಿಲಿಮೀಟರ್ ಸೂಜಿ, ಗಾಳಿಯ ಒತ್ತಡ 12ರಿಂದ 15 ಪಿಎಸ್‌ಐ, ಮೈಯಿಂದ ಐದಾರು ಸೆಂಟಿಮೀಟರ್ ದೂರ. ಬಣ್ಣದ ಹೊಡೆತ ವಿಮಾನದ ಆಚೆ ಶುರುವಾಗಿ ಆಚೆಯೇ ಮುಗಿಯಬೇಕು, ಇಲ್ಲದಿದ್ದರೆ ತುದಿಯಲ್ಲಿ ಬಣ್ಣ ಗುಪ್ಪೆಯಾಗುತ್ತದೆ. ಮೊದಲ ಕೋಟ್‌ನಲ್ಲಿ ಏನೂ ಆಗಲಿಲ್ಲ ಅನಿಸಿತು, ಬರೀ ಹೊಗೆ ಸವರಿದ ಹಾಗೆ. ಮೂರನೆಯದರಲ್ಲಿ ಕಪ್ಪು ಮರೆಯಾಯಿತು. ನಾಲ್ಕನೆಯದರಲ್ಲಿ ನಿಲ್ಲಿಸಿದೆ. ಕಿಟಕಿ ತೆಗೆದಿತ್ತು, ಮೂಗಿಗೆ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಇತ್ತು. ಬಟ್ಟೆ ಮಾಸ್ಕ್ ಧೂಳು ತಡೆಯಬಹುದು, ಥಿನ್ನರ್ ಆವಿಯನ್ನಲ್ಲ. ಮಕ್ಕಳಿರುವ ಮನೆಯವರು ಇದನ್ನು ದಯವಿಟ್ಟು ನೆನಪಿಡಿ.

ಒಣಗಿದ ಮೇಲೆ ಬೆನ್ನಿನ ಮೇಲೆ ಏನೋ ಕಂಡಿತು. 800ರ ಪೇಪರ್ ಎಳೆದ ಗೀರುಗಳು, ನಾಲ್ಕೈದು, ಒಂದರ ಪಕ್ಕ ಒಂದು. ಮಾಮೂಲಿ ಬಣ್ಣ ಆಗಿದ್ದರೆ ಮುಚ್ಚಿಹೋಗುತ್ತಿದ್ದವು. ಅಲ್ಯೂಮಿನಿಯಂ ಮಾತ್ರ ಯಾವುದನ್ನೂ ಮುಚ್ಚಿಡಲಿಲ್ಲ.

ನವೆಂಬರ್ 9

ದೊಡ್ಡಪ್ಪ ಮನೆಗೆ ಬಂದಿದ್ದರು. ಮುಗಿಯುವವರೆಗೆ ತೋರಿಸಬಾರದು ಅಂದುಕೊಂಡಿದ್ದೆ, ತಡೆಯಲಾಗಲಿಲ್ಲ. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿದರು.

‘ಚೆನ್ನಾಗಿದೆ ಕಣೋ. ಆದ್ರೆ ಇದು ಕನ್ನಡಿ ಆಗಿದೆ.’

‘ಹೊಸ ವಿಮಾನ ಹೀಗೆ ಇರ್ತಿರಲಿಲ್ವಾ ದೊಡ್ಡಪ್ಪ?’

‘ಇಲ್ಲಪ್ಪ. ನಿಮ್ಮ ಅಜ್ಜಿ ದಿನಾ ಬೂದಿ ಹಾಕಿ ತಿಕ್ತಿದ್ರಲ್ಲ ಅಲ್ಯೂಮಿನಿಯಂ ಪಾತ್ರೆ, ಆ ಹೊಳಪು. ಮತ್ತೆ ಎಲ್ಲ ತಗಡೂ ಒಂದೇ ಥರ ಇರೋದಿಲ್ಲ. ಹಿಂದೆ ಬೆಂಕಿ ಬರೋ ಕಡೆ ಬೇರೆ, ರೆಕ್ಕೆ ಬೇರೆ.’

ಅಜ್ಜಿಯ ಅನ್ನದ ಪಾತ್ರೆ ಇನ್ನೂ ನಮ್ಮ ಮನೆಯಲ್ಲಿದೆ. ದೊಡ್ಡಪ್ಪ ಹೊರಟ ಮೇಲೆ ಅದನ್ನು ತಂದು ಮೇಜಿನ ಮೇಲೆ ಇಟ್ಟುಕೊಂಡೆ. ಇನ್ನು ಮುಂದೆ ಅದೇ ನನ್ನ ಬಣ್ಣದ ಅಳತೆ.

ಡಿಸೆಂಬರ್ 6

ಬೆನ್ನಿನ ಗೀರುಗಳನ್ನು ಅಷ್ಟು ಜಾಗದಲ್ಲಿ ಮಾತ್ರ 1500, 2000ದಲ್ಲಿ ಉಜ್ಜಿ, ಮತ್ತೆ ಕಪ್ಪು, ಮತ್ತೆ ಅಲ್ಯೂಮಿನಿಯಂ. ತೇಪೆ ಕಾಣಬಾರದು ಅಂದರೆ ತಗಡಿಗೆ ತಗಡು ಸೇರುವ ಗೆರೆಯವರೆಗೆ ಮಾಸ್ಕಿಂಗ್ ಟೇಪ್ ಹಾಕಿ ಇಡೀ ತಗಡಿಗೇ ಬಣ್ಣ ಹೊಡೆಯಬೇಕು. ನಿಜವಾದ ವಿಮಾನದಲ್ಲೂ ತಗಡಿನಿಂದ ತಗಡಿಗೆ ಬಣ್ಣ ಬೇರೆ ಅಂತ ದೊಡ್ಡಪ್ಪ ಹೇಳಿದ್ದರಲ್ಲ, ಹಾಗಾಗಿ ರಿಪೇರಿಯೂ ಆಯಿತು, ಕೆಲಸವೂ ಮುಂದೆ ಹೋಯಿತು. ಅಲ್ಯೂಮಿನಿಯಂಗೆ ನಾಲ್ಕು ಹನಿ ಕಪ್ಪು ಸೇರಿಸಿ ಒಂದು ಗಾಢ ಬಣ್ಣ, ಬಿಳಿ ಸೇರಿಸಿ ಒಂದು ತಿಳಿ ಬಣ್ಣ. ಟೇಪನ್ನು ಮೊದಲು ಅಂಗೈಗೆ ಎರಡು ಸಲ ಅಂಟಿಸಿ ಕಿತ್ತು, ಅಂಟು ಕಮ್ಮಿ ಮಾಡಿಕೊಂಡೇ ಹಾಕಿದೆ. ಆದರೂ ಎಡ ರೆಕ್ಕೆಯ ಬುಡದಲ್ಲಿ ಕಡಲೆಕಾಳಿನಷ್ಟು ಬಣ್ಣ ಎದ್ದು ಬಂತು.

ಹಿಂಭಾಗಕ್ಕೆ ಸ್ಟೀಲ್ ಬಣ್ಣ, ಅದರ ಮೇಲೆ ಪಾರದರ್ಶಕ ಕಂದು, ತುದಿಗೆ ಒಂದು ಎಳೆ ನೀಲಿ. ಒಲೆಯ ಮೇಲೆ ಸುಟ್ಟ ಸ್ಟೀಲ್ ಪಾತ್ರೆಯ ತಳ ನೋಡಿದರೆ ಈ ಎರಡೂ ಬಣ್ಣ ಸಿಗುತ್ತವೆ.

ಇದಕ್ಕೆಲ್ಲ ನಿಜವಾದ ಕ್ರೋಮ್ ಮಾಡಿಸಬಹುದಲ್ಲ ಅಂತ ಗೆಳೆಯನೊಬ್ಬ ಕೇಳಿದ. ಕಾರಿನ ಲೋಗೋದಂಥ ಪ್ಲಾಸ್ಟಿಕ್ ಮೇಲೆ ಇರುವುದು ನಿಜಕ್ಕೂ ಲೋಹವೇ. ಅದು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್. ಆಮ್ಲದಲ್ಲಿ ಅದ್ದಿದರೆ ಅದರೊಳಗಿನ ರಬ್ಬರ್ ಕಣಗಳು ಕರಗಿ ಮೈಮೇಲೆ ಸೂಕ್ಷ್ಮ ಗುಳಿಗಳಾಗುತ್ತವೆ. ಲೋಹ ಆ ಗುಳಿಗಳನ್ನು ಹಿಡಿದುಕೊಳ್ಳುತ್ತದೆ. ಮೊದಲು ವಿದ್ಯುತ್ ಇಲ್ಲದೆ ನಿಕಲ್ ಅಥವಾ ತಾಮ್ರದ ತೆಳು ಪದರ, ಆಮೇಲೆ ವಿದ್ಯುತ್ತಿನಲ್ಲಿ ತಾಮ್ರ, ನಿಕಲ್, ಕೊನೆಗೆ ಕ್ರೋಮ್. ನನ್ನ ಪಾಲಿಸ್ಟೈರೀನ್‌ನಲ್ಲಿ ಆ ರಬ್ಬರ್ ಇಲ್ಲ. ಅಷ್ಟು ದಪ್ಪ ಪದರ ಬಿದ್ದರೆ ಕೂದಲೆಳೆಯಷ್ಟಿರುವ ತಗಡಿನ ಗೆರೆಗಳೂ ಮುಚ್ಚಿಹೋಗುತ್ತವೆ.

ಜನವರಿ 4

ಪಾರದರ್ಶಕ ಕೋಟ್ ಹೊಡೆಯಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ನಾಲ್ಕನೇ ಚಮಚದ ಅರ್ಧಕ್ಕೆ ಹೊಡೆದು ನೋಡಿದೆ. ಆ ಅರ್ಧದಲ್ಲಿ ಲೋಹ ಸತ್ತು ಬರೀ ಬೆಳ್ಳಿ ಬಣ್ಣ ಉಳಿಯಿತು. ಹಾಗಾಗಿ ಇಡೀ ಮೈಗೆ ಬೇಡ. ವಾಯುಪಡೆಯ ವೃತ್ತದ ಗುರುತು ಕೂರುವ ಜಾಗಕ್ಕೆ ಮಾತ್ರ ನೀರಿನಲ್ಲಿ ಕರಗುವ ಹೊಳಪಿನ ವಾರ್ನಿಷ್, ಅದೂ ಬ್ರಷ್‌ನಲ್ಲಿ ತೆಳ್ಳಗೆ.

ಗುರುತುಗಳು ಕೂತವು. ಮೂತಿಗೆ ಹಸಿರೂ ಆಯಿತು. ಫೋಟೋ ಕಳಿಸಿದೆ. ಅರ್ಧ ಗಂಟೆಗೆ ದೊಡ್ಡಪ್ಪನ ಫೋನ್ ಬಂತು.

‘ಪಾತ್ರೆ ಹೊಳಪು ಬಂದಿದೆ ನೋಡು ಈಗ! ಹೊಟ್ಟೆ ಕೆಳಗೆ ಗನ್ ಪಾಡ್ ಎಲ್ಲೋ?’

ಎಫ್‌ಎಲ್‌ಗೆ ಒಳಗೆ ಗನ್ ಇರಲಿಲ್ಲ. ಆಮೇಲೆ ಜಿಪಿ-9 ಎಂಬ ಪಾಡ್, ಅಂದರೆ ಗನ್ ಇರುವ ಪೆಟ್ಟಿಗೆಯನ್ನು, ಹೊರಗೆ ನೇತುಹಾಕಿದರು. ಕಿಟ್‌ನಲ್ಲಿ ಆ ತುಂಡು ಇತ್ತು, ಬೇಡ ಅಂತ ಬಿಟ್ಟಿದ್ದೆ. ಇವತ್ತು ಹುಡುಕಿ ತೆಗೆದು, ಸೋಪಲ್ಲಿ ತೊಳೆದು, 2000ದವರೆಗೂ ಉಜ್ಜಿದ್ದೇನೆ. ಈಗ ಅದು ಟೂತ್‌ಪಿಕ್ ತುದಿಯಲ್ಲಿ ಕಪ್ಪು ಕೋಟ್ ಹೊದ್ದು ಡಬ್ಬಿಯೊಳಗೆ ಒಣಗುತ್ತಿದೆ. ಮಂಗಳವಾರದವರೆಗೆ ಮುಚ್ಚಳ ತೆಗೆಯುವುದಿಲ್ಲ.