ಜಂಕ್ಷನ್‌ನಿಂದ ಹಂಪನಕಟ್ಟೆಗೆ

ಮಂಗಳೂರಿಗೆ ರೈಲಲ್ಲಿ ಹೊರಟವರು ಹೋಟೆಲ್ ಬುಕ್ ಮಾಡುವ ಮೊದಲು ಟಿಕೆಟ್ಟನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು. ಊರಲ್ಲಿ ದೊಡ್ಡ ಸ್ಟೇಷನ್ ಎರಡಿವೆ. ಸ್ಟೇಷನ್ ಕೋಡ್ ಎಂಎಕ್ಯೂ (MAQ) ಅಂತಿದ್ದರೆ ಸೆಂಟ್ರಲ್, ಎಂಎಜೆಎನ್ (MAJN) ಅಂತಿದ್ದರೆ ಜಂಕ್ಷನ್. ಸೆಂಟ್ರಲ್ ಪೇಟೆಯಲ್ಲೇ ಇದೆ, ಇಳಿದು ನಡೆದೇ ಊರ ನಡುವಿನ ಹಂಪನಕಟ್ಟೆಗೆ ಹೋಗಬಹುದು. ಜಂಕ್ಷನ್ ಇರುವುದು ಪಡೀಲ್ ಕಡೆ. ಅಲ್ಲಿಂದ ಹಂಪನಕಟ್ಟೆಗೆ 5-6 ಕಿ.ಮೀ. ಆಗುತ್ತದೆ. ‘ರೈಲ್ವೆ ಸ್ಟೇಷನ್ ಹತ್ತಿರ’ ಅಂತ ಹಾಕಿಕೊಂಡ ಲಾಡ್ಜ್‌ಗಳು ಹೆಚ್ಚಾಗಿ ಸೆಂಟ್ರಲ್ ಹತ್ತಿರದವು.

ನಾನೂ ಅಮ್ಮನೂ ಹೋದದ್ದು ಮಳೆಗಾಲದ ಕೊನೆಗೆ, ಬೆಂಗಳೂರಿನಿಂದ, ಹಗಲು ರೈಲಲ್ಲಿ. ಅಮ್ಮನಿಗೆ ಘಾಟಿ ನೋಡುವ ಆಸೆ ಬಹಳ ವರ್ಷದ್ದು. ಸಕಲೇಶಪುರ ಬಿಟ್ಟ ಮೇಲೆ ಸುಬ್ರಹ್ಮಣ್ಯ ರೋಡ್ ಬರುವ ತನಕ ಕಿಟಕಿ ಬಿಟ್ಟು ಏಳಲಿಲ್ಲ. ಆ ಹಾದಿಯಲ್ಲಿ 57 ಸುರಂಗ. ಒಂದರಿಂದ ಹೊರಬಂದರೆ ಜಲಪಾತ, ಮತ್ತೆ ಕತ್ತಲೆ, ಮತ್ತೆ ಹಸಿರು. ಎಣಿಸಲು ಶುರು ಮಾಡಿದ ಅಮ್ಮ ಸ್ವಲ್ಪ ಹೊತ್ತಿಗೆ ಲೆಕ್ಕ ಬಿಟ್ಟು ಸುಮ್ನೆ ನೋಡುತ್ತಾ ಕೂತರು.

ಎದುರು ಸೀಟಿನಲ್ಲಿ ಗಂಡ ಹೆಂಡತಿ, ಜೊತೆಗೊಂದು ಪುಟ್ಟ ಮಗು. ಮೊದಲ ಸಲ ಮಂಗಳೂರಿಗೆ ಹೊರಟವರು. ಬಂಟ್ವಾಳ ದಾಟಿದ ಮೇಲೆ ಬ್ಯಾಗು ಜೋಡಿಸಿಕೊಳ್ಳುತ್ತಾ ಆತ ಹೇಳಿದರು, “ನಮ್ ಲಾಡ್ಜ್ ಸ್ಟೇಷನ್ ಎದುರೇ ಅಂತೆ ಸಾರ್. ನಡ್ಕೊಂಡೇ ಹೋಗ್ಬಹುದಂತೆ.” ಫೋನ್ ತೋರಿಸಿದರು. ವಿಳಾಸ ಅತ್ತಾವರದ್ದು, ಅಂದರೆ ಸೆಂಟ್ರಲ್ ಪಕ್ಕ. ನಾವು ಇಳಿಯುವುದು ಜಂಕ್ಷನ್‌ನಲ್ಲಿ ಅಂದಾಗ ಇಬ್ಬರ ಮುಖವೂ ಬಾಡಿತು. “ಗಾಬರಿ ಬೇಡ ಕಣಮ್ಮ, ಆಟೋ ಸಿಗುತ್ತೆ” ಅಂತ ಅಮ್ಮ ಮಗುವಿನ ತಾಯಿಗೆ ಧೈರ್ಯ ಹೇಳಿದರು. ಅವರ ಹಾಗೆ ಬರುವವರು ಜಾಸ್ತಿ ಇರುತ್ತಾರೆ. ಲಾಡ್ಜ್‌ನವರು ವಿಳಾಸದ ಜೊತೆ ಯಾವ ಸ್ಟೇಷನ್ ಅಂತ ಒಂದು ಪದ ಹಾಕಿದರೆ ಎಷ್ಟೋ ಜನರ ತಾಪತ್ರಯ ತಪ್ಪುತ್ತದೆ.

ಎರಡು ಸ್ಟೇಷನ್ ಯಾಕೆ ಅಂತ ಆತ ಕೇಳಿದರು. ಉತ್ತರ ಹಳಿಯಲ್ಲೇ ಇದೆ. ಸೆಂಟ್ರಲ್ 1907ರ ಸ್ಟೇಷನ್. ಕೇರಳದ ಕಡೆಯಿಂದ ನೇತ್ರಾವತಿ ದಾಟಿ ಬಂದ ಹಳಿ ಅಲ್ಲಿಗೇ ಮುಗಿಯುತ್ತದೆ. ಹಾಸನದ ಹಳಿ ಬಂದದ್ದು 1979ರಲ್ಲಿ. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಮುಂಬೈಯಿಂದ ಕೇರಳಕ್ಕೆ ಹೋಗುವ ರೈಲು ಸೆಂಟ್ರಲ್‌ಗೆ ಬಂದರೆ ಎಂಜಿನ್ ಈ ತುದಿಯಿಂದ ಆ ತುದಿಗೆ ಬದಲಾಯಿಸಿ ಬಂದ ದಾರಿಯಲ್ಲೇ ವಾಪಸ್ ಹೊರಡಬೇಕು. ಹಾಗಾಗಿ ಅಂಥ ರೈಲುಗಳು ಜಂಕ್ಷನ್‌ನಲ್ಲೇ ನಿಂತು ಮುಂದಕ್ಕೆ ಹೋಗುತ್ತವೆ. ಬೆಂಗಳೂರಿನ ರೈಲುಗಳಲ್ಲಿ ಕೆಲವು ಜಂಕ್ಷನ್‌ಗೆ, ಕೆಲವು ಸೆಂಟ್ರಲ್‌ಗೆ. ಅದಕ್ಕೇ ಪ್ರತಿ ಸಲವೂ ನೋಡಿಕೊಳ್ಳಬೇಕಾದ್ದು.

ಇಳಿದಾಗ ಮಳೆ ಜೋರಾಗಿಯೇ ಇತ್ತು. ಹೊರಗೆ ಆಟೋಗಳು ಸಾಲಾಗಿ ನಿಂತಿದ್ದವು. ಮಗು ಇದ್ದವರನ್ನು ಮೊದಲು ಕಳಿಸಿದೆವು. ಅವರು ಕೂತ ಆಟೋದವರಿಗೆ ಅತ್ತಾವರದ ವಿಳಾಸ ನಾನೇ ಓದಿ ಹೇಳಿದೆ. ನಮ್ಮ ಸರದಿ ಬಂತು. “ಎಲ್ಲಿಗೆ ಅಮ್ಮ?” “ಹಂಪನಕಟ್ಟೆ.” “ಕೂತ್ಕೊಳ್ಳಿ, ಮೀಟರ್ ಹಾಕ್ತೇನೆ.” ಚೌಕಾಸಿಗೆ ರೆಡಿಯಾಗಿದ್ದ ನನಗೆ ಮಾತೇ ಉಳಿಯಲಿಲ್ಲ. ಹೊರಡುವ ಮೊದಲು ಅವರು ಇಳಿದು ಅಮ್ಮನ ಪಕ್ಕಕ್ಕೆ ಬಂದರು. ಮೇಲೆ ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಪರದೆ ಬಿಚ್ಚಿ ಇಳಿಬಿಟ್ಟರು. ಅದರ ಕೆಳತುದಿಯ ದಾರವನ್ನು ಕಂಬಿಗೆ ಎರಡು ಸುತ್ತು ಸುತ್ತಿ ಕಟ್ಟಿದರು. “ಪಂಪ್‌ವೆಲ್ ಹತ್ರ ದೊಡ್ಡ ಬಸ್ಸು ನೀರು ಹಾರಿಸ್ತದೆ” ಅಂದರು. ಅಷ್ಟರಲ್ಲಿ ಅವರ ಖಾಕಿ ಅಂಗಿಯ ಬೆನ್ನು ಪೂರ್ತಿ ಒದ್ದೆ.

ದಾರಿ ನೋಡಲು ಚೆನ್ನಾಗಿದೆ. ಗರೋಡಿ ದಾಟಿ ಪಂಪ್‌ವೆಲ್ ಫ್ಲೈಓವರ್ ಕೆಳಗೆ ಬಂದರೆ ಹೆದ್ದಾರಿಯ ಗದ್ದಲ. ಅಲ್ಲಿಂದ ಏರು ಹತ್ತಿದರೆ ಕಂಕನಾಡಿ. ಜಂಕ್ಷನ್‌ಗೆ ಹಿಂದೆ ಕಂಕನಾಡಿ ಸ್ಟೇಷನ್ ಅಂತಲೇ ಹೆಸರಿತ್ತು, ಆದರೆ ಪೇಟೆ ಇಷ್ಟು ಈಚೆಗೆ. ಬಲುಬೇಗ ಫಾದರ್ ಮುಲ್ಲರ್ಸ್ ಆಸ್ಪತ್ರೆ ಕಂಡಿತು. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಹೋಮಿಯೋಪಥಿ ಔಷಧಿ ಕೊಡುವುದರಿಂದ ಶುರುವಾದ ಸಂಸ್ಥೆ ಇದು. ಮುಂದೆ ಅಂಬೇಡ್ಕರ್ ಸರ್ಕಲ್. ಆಟೋದವರ ಬಾಯಲ್ಲಿ ಅದು ಈಗಲೂ ಜ್ಯೋತಿ. ಹೊಸಬರು ವಿಳಾಸ ಕೇಳುವಾಗ ಈ ಎರಡೂ ಹೆಸರು ನೆನಪಿಟ್ಟುಕೊಂಡರೆ ಒಳ್ಳೆಯದು.

ಹಂಪನಕಟ್ಟೆಯಲ್ಲಿ ಹೋಟೆಲ್ ಬೋರ್ಡ್ ಮಳೆಯಲ್ಲಿ ಸರಿಯಾಗಿ ಕಾಣಿಸಲಿಲ್ಲ. ಆಟೋದವರು ಗಾಡಿ ನಿಲ್ಲಿಸಿ ಪಕ್ಕದ ಅಂಗಡಿಯವರನ್ನು ತುಳುವಿನಲ್ಲಿ ಕೇಳಿ, ಬಾಗಿಲ ಮೆಟ್ಟಿಲ ತನಕ ತಂದುಬಿಟ್ಟರು. ಮೀಟರ್‌ನಲ್ಲಿ ತೋರಿಸಿದಷ್ಟೇ ತೆಗೆದುಕೊಂಡರು. ಚಿಲ್ಲರೆ ಬೇಡ ಅಂದರೂ ಎಣಿಸಿ ಅಮ್ಮನ ಕೈಗೇ ಕೊಟ್ಟರು. “ಈ ಊರಲ್ಲಿ ಒಬ್ಬಳೇ ಬಂದರೂ ಭಯ ಇಲ್ಲ ಬಿಡು” ಅಂದರು ಅಮ್ಮ. ಆ ಮಾತು ನನಗೂ ಸಮಾಧಾನ ತಂದಿತು.

ಕೈಯಲ್ಲಿ ಒಂದೇ ಬ್ಯಾಗ್ ಇರುವವರಿಗೆ ಬಸ್ಸೂ ಆಗುತ್ತದೆ. ಸ್ಟೇಷನ್ ರಸ್ತೆಯಲ್ಲಿ ನಡೆದು ದೊಡ್ಡ ರಸ್ತೆಗೆ ಬಂದರೆ ಪೇಟೆ ಕಡೆ ಹೋಗುವ ಬಸ್ಸುಗಳಿವೆ. ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿಯವು. ಕಂಡಕ್ಟರ್ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಅಂತ ಕೂಗುವುದು ಸಿಟಿ ಬಸ್‌ಸ್ಟ್ಯಾಂಡಿಗೆ. ಅದು ಹಂಪನಕಟ್ಟೆಯಿಂದ ಸ್ವಲ್ಪವೇ ಮುಂದೆ. ಕೆಎಸ್‌ಆರ್‌ಟಿಸಿ ನಿಲ್ದಾಣ ಬೇರೆ, ಅದಿರುವುದು ಬಿಜೈಯಲ್ಲಿ. ಇಳಿಯುವ ಜಾಗ ಮೊದಲೇ ಹೇಳಿಟ್ಟರೆ ಕಂಡಕ್ಟರ್ ನೆನಪಿಸುತ್ತಾರೆ. ಆದರೆ ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಆಟೋ ಹಿಡಿಯಿರಿ. ಬಸ್ಸು ನಿಲ್ಲುವುದು ಕಡಿಮೆ ಹೊತ್ತು.

ರಾತ್ರಿ ನೀರುದೋಸೆ ತಿನ್ನುವಾಗ ಬೆಳಗಿನ ಯೋಚನೆ ಮಾಡಿದೆವು. ಅಲೋಶಿಯಸ್ ಚಾಪೆಲ್ ಇಲ್ಲಿಂದ ಹತ್ತಿರ, ಲೈಟ್‌ಹೌಸ್ ಹಿಲ್ ಮೇಲೆ. ಗೋಡೆ, ಚಾವಣಿಯ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. ಬಡಿಸುತ್ತಿದ್ದ ಹುಡುಗ “ಏರು ಉಂಟು, ಆದ್ರೆ ದೂರ ಇಲ್ಲ” ಅಂದ. ನಡೆದೇ ಹೋಗೋಣ, ನಿಧಾನ ಹತ್ತಿದರಾಯಿತು ಅಂತ ಅಮ್ಮ ತೀರ್ಮಾನ ಮಾಡಿ ಇನ್ನೊಂದು ದೋಸೆ ಹಾಕಿಸಿಕೊಂಡರು.