ಡಿಕ್ರಿ ಕೈಗೆ ಬಂದ ಮೇಲೆ

ವಿಚ್ಛೇದನದ ವೇಳೆ ಬರೆದುಕೊಟ್ಟ ಮಾತನ್ನು ಮಾಜಿ ಪತಿ ನಡೆಸಿಕೊಡದಿದ್ದರೆ ಏನು ಮಾಡಬೇಕೆಂದು ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹೆಣ್ಣುಮಕ್ಕಳು ನನ್ನನ್ನು ಕೇಳುವುದುಂಟು. ತಂಗಿಯ ಜೊತೆ ಮಡಿಕೇರಿಯ ನ್ಯಾಯಾಲಯಕ್ಕೆ ಓಡಾಡಿದವಳು ನಾನೆಂಬುದು ಅವರಿಗೆ ಗೊತ್ತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಂಗಿಯದು ಪರಸ್ಪರ ಒಪ್ಪಿಗೆಯ ವಿಚ್ಛೇದನ. ಕಾಯಂ ಜೀವನಾಂಶವನ್ನು ಕಂತುಗಳಲ್ಲಿ ಕೊಡುವುದೆಂದೂ ಕುಶಾಲನಗರದ ಒಂದು ನಿವೇಶನವನ್ನು ಅವಳ ಹೆಸರಿಗೆ ನೋಂದಾಯಿಸಿಕೊಡುವುದೆಂದೂ ರಾಜಿಪತ್ರದಲ್ಲಿತ್ತು. ಮೊದಲ ಕಂತು ಬಂತು, ಮುಂದಿನದು ಬರಲಿಲ್ಲ. ಕೇಳಿದಾಗಲೆಲ್ಲ ಕಾಫಿ ಮಾರಿದ ಮೇಲೆ ಎಂಬ ಉತ್ತರ. ಕಾಫಿ ಮಾರಾಟವಾದ ಮೇಲೆ ಕರಿಮೆಣಸಿನ ಮಾತು. ಹಿರಿಯರು ಸಹ ಇನ್ನೊಂದು ಕೊಯ್ಲಿನವರೆಗೆ ತಾಳಿಕೋ ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಕೊಡಬೇಕಾದವನಿಗೆ ಹೇಳಬೇಕಾದ ಮಾತನ್ನು ಪಡೆಯಬೇಕಾದವಳಿಗೆ ಹೇಳುವುದು ನ್ಯಾಯವಲ್ಲವೆಂದು ನಾನು ಅವರ ಎದುರಿನಲ್ಲಿಯೇ ಹೇಳಿದೆ.

ಹಿಂದೂ ವಿವಾಹ ಕಾಯಿದೆಯ 28ಎ ಕಲಮಿನ ಪ್ರಕಾರ ಇಂತಹ ರಾಜಿಯ ಮೇಲೆ ನ್ಯಾಯಾಲಯ ಕೊಟ್ಟ ಡಿಕ್ರಿಯನ್ನು, ಅಂದರೆ ತೀರ್ಪಿನ ಆದೇಶವನ್ನು, ಇತರ ಸಿವಿಲ್ ಡಿಕ್ರಿಗಳಂತೆಯೇ ಜಾರಿ ಮಾಡಿಸಬಹುದು. ಅದಕ್ಕೆ ಪ್ರತ್ಯೇಕವಾಗಿ ಅಮಲ್ಜಾರಿ ಅರ್ಜಿ ಹಾಕಬೇಕು. ನ್ಯಾಯಾಲಯ ತಾನಾಗಿ ವಸೂಲಿ ಮಾಡಿಕೊಡುವುದಿಲ್ಲ. ಡಿಕ್ರಿಯ ಅಮಲ್ಜಾರಿಗೆ ಸಾಮಾನ್ಯವಾಗಿ 12 ವರ್ಷಗಳ ಅವಧಿಯಿದೆ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಪಡೆದ ಮಾಸಿಕ ಜೀವನಾಂಶದ ಬಾಕಿಗೆ ವಾರಂಟ್ ಕೇಳುವುದಾದರೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಅಲ್ಲಿ ತಾಳ್ಮೆಯೇ ನಷ್ಟಕ್ಕೆ ದಾರಿ.

ಯಾವುದನ್ನು ಜಪ್ತಿ ಮಾಡಿಸಬೇಕೆಂಬುದನ್ನು ನಮ್ಮ ಜಿಲ್ಲೆಯಲ್ಲಿ ಬಹಳ ಯೋಚಿಸಿ ನಿರ್ಧರಿಸಬೇಕು. ಕೃಷಿಕನು ತಾನೇ ವಾಸವಾಗಿರುವ ಮನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ರಕ್ಷಣೆಯಿದೆ. ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ, ಪಹಣಿಯನ್ನು ತೆಗೆಸಿ ನೋಡಿದರೆ ಒಕ್ಕದ (ಮನೆತನದ) ಹಲವರ ಹೆಸರುಗಳು ಒಂದರ ಕೆಳಗೊಂದು ಇರುತ್ತವೆ. ಅದಕ್ಕೆ ಕೈಹಾಕಿದರೆ ಅಣ್ಣತಮ್ಮಂದಿರ ತಕರಾರುಗಳಲ್ಲಿಯೇ ಕಾಲ ಕಳೆಯುತ್ತದೆ. ಫಸಲಿನ ಹಣ ಹಾಗಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗಿನ ಕೊಯ್ಲಿನ ಕಾಫಿ ಕಣದಲ್ಲಿ ಒಣಗಿ, ಮೂಟೆಯಾಗಿ, ವ್ಯಾಪಾರಿಯ ಗೋದಾಮಿಗೆ ಹೋಗುತ್ತದೆ. ಕಣದಲ್ಲಿರುವ ಫಸಲನ್ನು ಅಲ್ಲಿಯೇ ವಾರಂಟಿನ ಪ್ರತಿ ಅಂಟಿಸಿ ಜಪ್ತಿ ಮಾಡಬಹುದು. ಮಾರಾಟವಾಗಿ ವ್ಯಾಪಾರಿಯಿಂದ ಹಣ ಬರಬೇಕಾಗಿದ್ದರೆ, ಆ ಬಾಕಿಯನ್ನು ಮಾಜಿ ಪತಿಗೆ ಕೊಡದೆ ನ್ಯಾಯಾಲಯದಲ್ಲಿ ಠೇವಣಿ ಇಡುವಂತೆ ವ್ಯಾಪಾರಿಗೇ ಆದೇಶ ಕೊಡಿಸಲು ಅದೇ ಸಂಹಿತೆಯ 21ನೆಯ ಆದೇಶದ 46ಎ ನಿಯಮದಲ್ಲಿ ಅವಕಾಶವಿದೆ. ನಮ್ಮ ವಕೀಲರು ಹಿಡಿದದ್ದು ಇದೇ ದಾರಿಯನ್ನು. ವ್ಯಾಪಾರಿಗೆ ನೋಟಿಸು ಮುಟ್ಟಿದ ಬಳಿಕವೇ ಎದುರು ಕಡೆಯವರು ಮಾತಿಗೆ ಬಂದರು.

ಸಂಬಳದಾರನಾದರೆ ದಾರಿ ಇನ್ನೂ ಸುಲಭ: ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೆಯ ಒಂದು ಭಾಗ ಮಾತ್ರ ಜಪ್ತಿಯಿಂದ ಹೊರಗಿರುತ್ತದೆ.

ನಿವೇಶನದ ವಿಷಯದಲ್ಲಿ ಅವನು ಉಪನೋಂದಣಾಧಿಕಾರಿ ಕಚೇರಿಗೆ ಬರಲೇ ಇಲ್ಲ. ಡಿಕ್ರಿಯಂತೆ ಬರೆದುಕೊಡಬೇಕಾದವನು ಬರೆದುಕೊಡದಿದ್ದರೆ ಅವನ ಪರವಾಗಿ ನ್ಯಾಯಾಲಯವೇ ದಸ್ತಾವೇಜಿಗೆ ಸಹಿ ಹಾಕಿಸುತ್ತದೆ. ಕರಡು ಪತ್ರವನ್ನು ನಾವು ಸಲ್ಲಿಸಿದೆವು, ಅವನ ಆಕ್ಷೇಪಣೆಗೆ ಕಾಲಾವಕಾಶ ಸಿಕ್ಕಿತು, ಕೊನೆಗೆ ಅವನ ಸಹಿಯ ಜಾಗದಲ್ಲಿ ನ್ಯಾಯಾಲಯದ ಅಧಿಕಾರಿಯ ಸಹಿ ಬಿತ್ತು. ಆ ಹಾಳೆಯನ್ನು ತಂಗಿ ಎರಡು ಕೈಗಳಲ್ಲಿ ಹಿಡಿದು ಓದಿದಳು.

ಇನ್ನೂ ರಾಜಿಪತ್ರ ಬರೆಯುವ ಹಂತದಲ್ಲಿರುವವರು ಕೊಯ್ಲಿನ ನಂತರ ಎಂಬಂತಹ ಮಾತಿಗೆ ಒಪ್ಪಬೇಡಿ. ಕಂತಿನ ಮೊತ್ತ, ತಾರೀಕು, ಬ್ಯಾಂಕ್ ಖಾತೆ, ತಪ್ಪಿದರೆ ಬಡ್ಡಿ, ಆಸ್ತಿಯ ಸರ್ವೆ ನಂಬರ್ ಮತ್ತು ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲವನ್ನೂ ಬರೆಸಿ, ಆ ರಾಜಿಪತ್ರವನ್ನು ಡಿಕ್ರಿಯ ಭಾಗವಾಗಿಸಬೇಕೆಂದು ವಕೀಲರಿಗೆ ಒತ್ತಿ ಹೇಳಿ.