ಯೇಸು ಎಲ್ಲಿಗೆ ಹೋದ?

"ನನಗೆ ಯಾಕೆ ಹೇಳಲಿಲ್ಲ ಟೀಚರ್?"

ಸೋಮವಾರ ಸಂಜೆ ಪಕ್ಕದ ಮನೆಯ ಅಕ್ಕ ಕೇಳಿದ ಮಾತು. ಇವತ್ತು ಗುರುವಾರ, ಇನ್ನೂ ಕಿವಿಯಿಂದ ಹೋಗಿಲ್ಲ.

ಅರಶಿನ ಎಲೆಯ ಗಟ್ಟಿ ತಂದಿದ್ದರು, ಸ್ಟೀಲ್ ಡಬ್ಬಿಯಲ್ಲಿ, ಇನ್ನೂ ಬಿಸಿ. ಬೈಪಾಸ್ ಆದ ಮೇಲೆ ಯಜಮಾನರಿಗೆ ಹುರಿದ ಮೀನು ಬಂದ್ ಮಾಡಿದ್ದು, ಅದಕ್ಕೆ ಅವರು ಮುಖ ಊದಿಸಿಕೊಂಡು ಕೂತದ್ದು ಎಲ್ಲ ಹೇಳ್ತಾ ಇದ್ದರು. ಆಗ ನನ್ನ ಮಗಳು ಮೊಬೈಲಿನಿಂದ ತಲೆಯನ್ನೂ ಎತ್ತದೆ, "ಅಮ್ಮ ಆಗ ದಿನಾ ರಾತ್ರಿ ಅಂಕಲ್ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ರು ಆಂಟಿ" ಅಂದುಬಿಟ್ಟಳು.

ಅಕ್ಕ ಎಲೆ ಬಿಡಿಸುತ್ತಿದ್ದ ಕೈ ನಿಲ್ಲಿಸಿದರು. "ನನಗೆ ಯಾಕೆ ಹೇಳಲಿಲ್ಲ ಟೀಚರ್? ಆ ರಾತ್ರಿ ಐಸಿಯು ಹೊರಗೆ ನಾನೊಬ್ಬಳೇ ಕೂತಿದ್ದೆ. ಗೊತ್ತಿದ್ದರೆ ಸ್ವಲ್ಪ ಧೈರ್ಯ ಆಗ್ತಿತ್ತು."

ನಾವು ಮಾತಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆದಾಗ ಪ್ರಶ್ನೆ ಸ್ವಲ್ಪ ಮೆತ್ತಗಾಗಿದೆ.

ಯಾಕೆ ಹೇಳಲಿಲ್ಲ? ತಪ್ಪನ್ನೆಲ್ಲ ನಮ್ಮ ಚಿಕ್ಕಪ್ಪನ ಮಗನ ತಲೆಗೆ ಕಟ್ಟಬಹುದು. ಒಳ್ಳೆಯವನೇ. ಆದರೆ ಜೇಬಿನಲ್ಲಿ ಯಾವಾಗಲೂ ಕರಪತ್ರ. ಒಮ್ಮೆ ನನ್ನ ತಾಯಿಯನ್ನು ನೋಡಲು ಆಸ್ಪತ್ರೆಗೆ ಬಂದವನು ಪಕ್ಕದ ಮಂಚದವನ ಹಳದಿ ಕಣ್ಣು ನೋಡಿದ. ಶುರು ಮಾಡಿದ. ಕುಡಿತ, ಪಾಪ, ಪಶ್ಚಾತ್ತಾಪ, ಹೆಂಡತಿ ಮಕ್ಕಳ ಕಣ್ಣೀರು, ಪೂರಾ ಕಾಲು ಗಂಟೆ. ಆ ಮನುಷ್ಯ ತಾಳ್ಮೆಯಿಂದ ಕೇಳಿ, "ನಾನು ಕುಡಿಯುವುದಿಲ್ಲ ಅಣ್ಣ. ಗದ್ದೆ ಕೆಲಸ. ಇದು ಇಲಿಜ್ವರ" ಅಂದ. ನಾನು ಫ್ಲಾಸ್ಕ್ ಹಿಡಿದು ಕಾಫಿ ತರುವ ನೆಪದಲ್ಲಿ ಹೊರಗೆ ಓಡಿದೆ.

ಅವತ್ತೇ ಬಾಯಿಗೆ ಬೀಗ ಹಾಕಿಕೊಂಡೆ. ನಡತೆ ನೋಡಿ ಜನರಿಗೆ ಗೊತ್ತಾಗಲಿ, ಮಾತು ಯಾಕೆ ಅಂತ. ಹೆದರಿಕೆಯೂ ಇತ್ತು, ಇಲ್ಲ ಅನ್ನುವುದಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯ ಚರ್ಚುಗಳಿಗೆ ನುಗ್ಗಿ ಒಡೆದದ್ದನ್ನು ನಾವು ಮರೆತಿಲ್ಲ. 2022ರಲ್ಲಿ ಮತಾಂತರ ನಿಷೇಧ ಕಾನೂನು ಬಂದ ಮೇಲಂತೂ ಬೈಬಲ್ ಕೈಯಲ್ಲಿ ಹಿಡಿದು ಬಸ್ಸು ಹತ್ತಲೂ ಹಿಂದೆಮುಂದೆ ನೋಡುವಂತಾಯಿತು.

ಆದರೆ ಈ ಅಕ್ಕನ ಹತ್ತಿರ ಎಂತ ಹೆದರಿಕೆ? ಪ್ರತಿ ಜನವರಿಯಲ್ಲಿ ಕಾರ್ಕಳದ ಅತ್ತೂರು ಹಬ್ಬಕ್ಕೆ ಹೋಗಿ ಸಂತ ಲಾರೆನ್ಸರಿಗೆ ಮೇಣದಬತ್ತಿ ಹಚ್ಚಿ ಬರುವವರು ಅವರು. ಪ್ರೊಟೆಸ್ಟಂಟಳಾದ ನಾನು ಅಲ್ಲಿಗೆ ಹೋದದ್ದು ಒಂದೇ ಸಲ. ನಿಜ ಹೇಳಬೇಕೆಂದರೆ, ಅವರು ನನ್ನನ್ನೂ ಆ ಕರಪತ್ರದ ತಮ್ಮನ ಸಾಲಿಗೆ ಸೇರಿಸಿಬಿಟ್ಟಾರು ಅನ್ನುವುದೇ ನನ್ನ ಚಿಂತೆ. ಐಸಿಯು ಹೊರಗೆ ಅವರೊಬ್ಬರೇ ಕೂತಿದ್ದಾಗ ನಾನು ನನ್ನ ಮರ್ಯಾದೆ ಕಾಯುತ್ತಿದ್ದೆ.

ಅಕ್ಕನಿಗೆ ಇಂಥ ಲೆಕ್ಕಾಚಾರವೇ ಇಲ್ಲ. ಕಟೀಲಿನ ಅಮ್ಮ, ಮನೆಯ ನಾಗ, ಊರಿನ ಭೂತದ ನೇಮ, ಎಲ್ಲ ಹೇಳ್ತಾರೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನಗೆ ಉಪದೇಶ ಕೇಳಿದ ಹಾಗೆ ಆಗಿಲ್ಲ. ಕತೆ ಹೇಳ್ತಾರೆ, ಎದ್ದು ಹೋಗ್ತಾರೆ, ಅಷ್ಟೇ. ಇದು ನಮ್ಮವರಿಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. 1894ರ ಕನ್ನಡ ನಿಘಂಟಿನ ಮಿಶನರಿ ಕಿಟೆಲ್ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1862ರಲ್ಲೇ, ಅವರು ಯೇಸುವಿನ ಕತೆಯನ್ನು ಕನ್ನಡ ಪದ್ಯ ಮಾಡಿದ್ದರು. ಜರ್ಮನಿಯಿಂದ ಬಂದವರಿಗೆ ಹೊಳೆದದ್ದು ನನ್ನ ತಮ್ಮನಿಗೆ ಹೊಳೆಯಲಿಲ್ಲ. ನನಗೂ.

ನಾನು ಉತ್ತರ ಕೊಡದೆ ಕೂತದ್ದು ನೋಡಿ ಅಕ್ಕನಿಗೆ ಪಾಪ ಅನಿಸಿರಬೇಕು. ಮಾತು ತಿರುಗಿಸಿದರು. ಗೋಡೆಯ ಶಿಲುಬೆ ತೋರಿಸಿ, "ಅತ್ತೂರಿನ ಶಿಲುಬೆಯಲ್ಲಿ ಯೇಸು ಇದ್ದಾನೆ. ನಿಮ್ಮದರಲ್ಲಿ ಇಲ್ಲ. ಎಲ್ಲಿಗೆ ಹೋದ?"

ಕಥೋಲಿಕರು, ಪ್ರೊಟೆಸ್ಟಂಟರು, ಪುನರುತ್ಥಾನ... ಸಂಡೇ ಸ್ಕೂಲ್ ಉತ್ತರ ನಾಲಿಗೆ ತುದಿಗೆ ಬಂತು. ಬಾಯಿಂದ ಬಂದದ್ದು ಬೇರೆ.

"ಮೀನು ಸುಡಲಿಕ್ಕೆ."

ಅಕ್ಕ ನಕ್ಕರು. ಮಗಳು ಮೊಬೈಲ್ ಕೆಳಗಿಟ್ಟಳು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ಹೇಳಿದೆ. ಯೇಸುವನ್ನು ಹಿಡಿದ ರಾತ್ರಿ ಅವನ ಶಿಷ್ಯ ಪೇತ್ರ ಬೆಂಕಿಯ ಮುಂದೆ ಚಳಿ ಕಾಯಿಸುತ್ತಾ ನಿಂತು, ಅವನ ಪರಿಚಯವೇ ಇಲ್ಲ ಅಂತ ಮೂರು ಸಲ ಹೇಳಿದ್ದ. ಆಮೇಲೆ ಇನ್ನೊಂದು ರಾತ್ರಿ ಇಡೀ ಬಲೆ ಬೀಸಿದರೂ ಒಂದು ಮೀನಿಲ್ಲ. ಬೆಳಗಾಗುವಾಗ ದಡದಲ್ಲಿ ಯಾರೋ ನಿಂತು, ದೋಣಿಯ ಬಲಕ್ಕೆ ಬಲೆ ಹಾಕಿ ಅಂದ. 153 ಮೀನು! ದಡಕ್ಕೆ ಬಂದು ನೋಡಿದರೆ ಸತ್ತಿದ್ದ ಯೇಸು. ಕೆಂಡ ಮಾಡಿ, ಮೀನು ಇಟ್ಟು, ರೊಟ್ಟಿಯನ್ನೂ ತಯಾರು ಮಾಡಿದ್ದಾನೆ.

"ಯಾವ ಮೀನು?"

"ಬಂಗುಡೆ ಅಲ್ಲ ಅಕ್ಕ. ಅದು ಸಿಹಿನೀರಿನ ಸರೋವರ."

"ಪೇತ್ರನಿಗೆ ಬೈಲಿಲ್ವಾ?"

"ಇಲ್ಲ. ಬನ್ನಿ, ಊಟ ಮಾಡಿ ಅಂದ. ಊಟ ಆದ ಮೇಲೆ, ನನ್ನ ಮೇಲೆ ಪ್ರೀತಿ ಉಂಟಾ ಅಂತ ಮೂರು ಸಲ ಕೇಳಿದ."

ಅಕ್ಕ ಸುಮ್ಮನಾದರು. "ಹಾಗೆಯೇ ದೇವರು ನಮ್ಮನ್ನೂ..." ಅಂತ ಸೇರಿಸಬೇಕು ಅನಿಸಿತು. ಟೀಚರ್ ಬುದ್ಧಿ. ಗಟ್ಟಿಯ ಒಂದು ತುಂಡು ಬಾಯಿಗೆ ತುಂಬಿಕೊಂಡೆ.

ನಿನ್ನೆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ಬಟ್ಟೆ ಹರವುವಾಗ ಕಂಪೌಂಡಿನ ಆಚೆ ಅಕ್ಕನ ಸ್ವರ. ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಬಲೆ ಎಳೆಯುವಾಗ ಹಗ್ಗ ಕೈ ಕೊಯ್ದದ್ದು ಬೈಬಲಿನಲ್ಲಿ ಇಲ್ಲ, ಅಕ್ಕನ ಕತೆಯಲ್ಲಿ ಇತ್ತು.

"ಮೂರು ಸಲ ಗೊತ್ತಿಲ್ಲ ಅಂದವನಿಗೂ ಕೂತ್ಕೋ ಅಂತ ಹೇಳಿ ಮೀನು ಬಡಿಸಿದನಂತೆ!"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಯಜಮಾನರ ಸ್ವರ.

"ನಾನೇನು ಒಂದು ಸಲವಾದ್ರೂ ನಿನ್ನನ್ನು ಗೊತ್ತಿಲ್ಲ ಅಂದಿದ್ದೇನಾ?"